ಹವ್ಯಾಸವೂ ಗೃಹಸ್ಥಧರ್ಮವೂ

ಗೃಹಸ್ಥಾಶ್ರಮವೇ ಉಳಿದ ಮೂರು ಆಶ್ರಮಗಳಿಗೆ ಆಧಾರವೆಂದು ಸ್ಮೃತಿಕಾರರು ಹೇಳಿರುವುದನ್ನು ನಾವೆಲ್ಲರೂ ಬಲ್ಲೆವು. ಆದರೆ ಗೃಹಸ್ಥನು ಮನೆಯಲ್ಲಿ ಇದ್ದೂ ಇಲ್ಲದಂತಿದ್ದರೆ ಆಧಾರವೆಲ್ಲಿಂದ ಬಂದೀತು? ಸಂಗೀತ, ಚದುರಂಗ, ಐದು ದಿನಗಳ ಕ್ರಿಕೆಟ್ ಪಂದ್ಯ, ಈಗೀಗ ಅಂಗೈಯಲ್ಲಿಯೇ ಬೆಳಗುವ ಮೊಬೈಲು, ಇವು ಯಾವುವೂ ಸ್ವತಃ ದೋಷಗಳಲ್ಲ. ದುಡಿದು ಬಂದ ಮನಸ್ಸಿಗೆ ವಿಶ್ರಾಂತಿ ಬೇಕು. ಆ ಹೊತ್ತು ಯಾರ ಪಾಲಿನದು ಎಂಬುದೇ ಪ್ರಶ್ನೆ.

ಮನುಸ್ಮೃತಿಯು ರಾಜಧರ್ಮವನ್ನು ಹೇಳುವಲ್ಲಿ ಕಾಮದಿಂದ ಹುಟ್ಟುವ 10 ವ್ಯಸನಗಳನ್ನು ಎಣಿಸುತ್ತದೆ. ಬೇಟೆ, ಜೂಜು, ಮದ್ಯಪಾನಗಳು ಅಲ್ಲಿರುವುದು ಸಹಜ. ಹಗಲುನಿದ್ರೆಯೂ ಇದೆ, ಅದರ ವಿಷಯದಲ್ಲಿ ನಾವು ಹೆಚ್ಚು ಮಾತನಾಡದಿರುವುದೇ ಕ್ಷೇಮ! ಆಶ್ಚರ್ಯವೆಂದರೆ ಗೀತ, ನೃತ್ಯ, ವಾದ್ಯಗಳೂ ಆ ಪಟ್ಟಿಯಲ್ಲಿವೆ. ವಸ್ತು ಒಳ್ಳೆಯದೇ ಇರಬಹುದು. ನಾವು ಅದನ್ನು ಹಿಡಿದಿರುವ ತನಕ ಅದು ಹವ್ಯಾಸ, ಅದು ನಮ್ಮನ್ನು ಹಿಡಿದ ಮೇಲೆ ವ್ಯಸನ.

ವನಪರ್ವದಲ್ಲಿ ಬೃಹದಶ್ವ ಮಹರ್ಷಿಗಳು ಧರ್ಮರಾಜನಿಗೆ ನಳನ ಕಥೆಯನ್ನು ಹೇಳುತ್ತಾರೆ. ನಳನು ದುಷ್ಟನಲ್ಲ. ಇಂದ್ರಾದಿ ದೇವತೆಗಳೇ ಬಂದು ನಿಂತಿದ್ದರೂ ದಮಯಂತಿಯು ಅವನನ್ನೇ ವರಿಸಿದಳು. ಕಲಿಯು 12ನೆಯ ವರ್ಷದಲ್ಲಿ ಅವನನ್ನು ಹೊಕ್ಕದ್ದು, ಕಾಲು ತೊಳೆಯದೆ ಸಂಧ್ಯೆಗೆ ಕುಳಿತ ಒಂದು ಸಣ್ಣ ಅಲಕ್ಷ್ಯದ ಮೂಲಕ. ಬಳಿಕ ಪುಷ್ಕರನೊಡನೆ ತಿಂಗಳುಗಟ್ಟಲೆ ದ್ಯೂತ ನಡೆಯಿತು. ಪುರಜನರೂ ಮಂತ್ರಿಗಳೂ ಬಾಗಿಲಿಗೆ ಬಂದಿರುವರೆಂದು ದಮಯಂತಿಯು ಕಣ್ಣೀರಿನಿಂದ ಮತ್ತೆ ಮತ್ತೆ ಬಿನ್ನವಿಸಿದಳು. ನಳನು ಒಂದು ಮಾತನ್ನೂ ಆಡಲಿಲ್ಲ. ರಾಜ್ಯ ಹೋದುದನ್ನೇ ನಾವು ದೊಡ್ಡ ದುರಂತವೆಂದು ಹೇಳುತ್ತೇವೆ. ನಮಗಾದರೋ ಆ ಮೌನವೇ ಹೆಚ್ಚು ಭಯಂಕರವಾಗಿ ತೋರುತ್ತದೆ. ರಾಜ್ಯ ಕೈಬಿಡುವ ಮೊದಲೇ ಆಕೆ ಮಕ್ಕಳಿಬ್ಬರನ್ನು ಸಾರಥಿ ವಾರ್ಷ್ಣೇಯನೊಡನೆ ಕುಂಡಿನಪುರಕ್ಕೆ ಕಳುಹಿಸಿಬಿಟ್ಟಿದ್ದಳು.

ಜೂಜಿನ ಮಾತು ಸುಲಭ. ಹವ್ಯಾಸವು ಪವಿತ್ರವೇ ಆಗಿದ್ದರೆ? ನಮ್ಮ ಪರಿಚಯದ ಗೃಹಸ್ಥರೊಬ್ಬರು ಪ್ರತಿ ಸಂಜೆಯೂ ತಾಳ ಹಿಡಿದು ಭಜನೆಗೆ ಹೊರಡುವರು. ಹಿಂದಿರುಗುವಾಗ ರಾತ್ರಿ ಹತ್ತು ಗಂಟೆ. ಅವರ ಮನೆಯಾಕೆ ಒಮ್ಮೆ ನಮ್ಮೊಡನೆ, "ಇವರು ದೇವರ ಹೆಸರಿನಲ್ಲಿ ಹೋಗುತ್ತಾರೆ. ಬೇಡವೆನ್ನಲು ನನಗೆ ಬಾಯಿಲ್ಲ" ಎಂದರು. ನಾವು ಉತ್ತರವಿಲ್ಲದೆ ಕುಳಿತೆವು. ಅದನ್ನು ಭಕ್ತಿಯ ಕೊರತೆಯೆಂದು ತಳ್ಳಿಹಾಕುವುದು ಅನ್ಯಾಯವಾದೀತು. ವಿವಾಹಕಾಲದಲ್ಲಿ ವರನು, ಧರ್ಮ ಅರ್ಥ ಕಾಮಗಳಲ್ಲಿ ಈಕೆಯನ್ನು ಮೀರಿ ನಡೆಯೆನೆಂದು ಮಾತು ಕೊಡುತ್ತಾನಲ್ಲವೆ? ಅಲ್ಲಿ ಧರ್ಮದ ಹೆಸರೇ ಮೊದಲು ಬರುತ್ತದೆ. ಹಾಗಾದರೆ ಧರ್ಮಕಾರ್ಯವೆಂಬ ನೆಪವೂ ಆ ಮಾತಿನಿಂದ ಬಿಡುಗಡೆ ಕೊಡಲಾರದು.

ಇದನ್ನೇ ಆ ಗೃಹಸ್ಥರೊಡನೆ ಸಂಕೋಚದಿಂದ ಪ್ರಸ್ತಾಪಿಸಿದೆವು. ಅವರು ಎರಡು ದಿನ ನಮ್ಮೊಡನೆ ಮಾತು ಬಿಟ್ಟರು. ಈಗ ವಾರಕ್ಕೆ ಮೂರು ಸಂಜೆ ಭಜನೆ. ಏಕಾದಶಿಗೆ ದಂಪತಿಗಳಿಬ್ಬರೂ ಕೂಡಿಯೇ ಬರುವರು. ಗುರುವಾರ ಆಕೆ ದೇವರನಾಮದ ಪಾಠಕ್ಕೆ ಹೊರಡುವರು. ಅಂದು ಅಡಿಗೆ ಯಜಮಾನರದು. ಮೊದಲ ದಿನ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತೆಂದು ಆಕೆ ನಗುತ್ತ ಹೇಳಿದರು.