ಗುಂಪಿನಿಂದ ಆಚೆಗೆ ಕರೆದುಕೊಂಡು ಹೋದ ಯೇಸು

ಭಾನುವಾರದ ಸಂದೇಶ. ವಾಕ್ಯಭಾಗ: ಮಾರ್ಕ 7:31-37

ಏಪ್ರಿಲ್ 2 ವಿಶ್ವ ಆಟಿಸಂ ಜಾಗೃತಿ ದಿನ. 2007ರಲ್ಲಿ ವಿಶ್ವಸಂಸ್ಥೆ ಗೊತ್ತು ಮಾಡಿದ ದಿನ ಅದು. ನಮ್ಮ ಮನೆಯಲ್ಲಿ ಮಾತ್ರ ವರ್ಷದ 365 ದಿನವೂ ಅದೇ ದಿನ. ಯಾಕೆಂದರೆ ನನ್ನ ಮಗನಿಗೆ ಆಟಿಸಂ ಇದೆ. ಈಗ ಅವನಿಗೆ ಏಳು ವರ್ಷ.

ಈ ವಿಷಯ ಪುಲ್ಪಿಟ್ಟಿನಿಂದ ಮಾತಾಡೋಕೆ ನನಗೆ ಇಷ್ಟು ವರ್ಷ ಧೈರ್ಯ ಬಂದಿರಲಿಲ್ಲ. ಇವತ್ತು ಮಾತಾಡ್ತೀನಿ.

ಮೊದಲು ಅವನ ಪರಿಚಯ ಮಾಡಿಕೊಡ್ತೀನಿ. ಅವನಿಗೆ ನೀಲಿ ಲೋಟದಲ್ಲೇ ಹಾಲು ಬೇಕು. ಲೋಟ ಬದಲಾದರೆ ಅವನ ಲೋಕವೇ ಬದಲಾದ ಹಾಗೆ. ದಾವಣಗೆರೆ ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಪೂರ್ತಿ ಬಾಯಿಪಾಠ, ಆ ಗಂಟೆ ಶಬ್ದದ ಸಮೇತ! ಆದರೆ "ಅಪ್ಪಾ, ಹಸಿವು" ಅಂತ ಹೇಳೋಕೆ ಬರಲ್ಲ. ಹಸಿವಾದರೆ ನನ್ನ ಕೈ ಹಿಡಿದು ಅಡುಗೆಮನೆಗೆ ಎಳಕೊಂಡು ಹೋಗ್ತಾನೆ. ಮಂಡಕ್ಕಿ ಕೊಟ್ಟರೆ ಒಂದೊಂದೇ ಕಾಳು ಸಾಲಾಗಿ ಇಟ್ಟು, ಸಾಲು ಮುಗಿದ ಮೇಲೆ ನಗ್ತಾನೆ. ಆ ನಗು ನೋಡೋಕೆ ನಾನು ಎಷ್ಟು ಹೊತ್ತು ಬೇಕಾದರೂ ನೆಲದ ಮೇಲೆ ಕೂತಿರ್ತೀನಿ.

ಗೊತ್ತಾದಾಗ ಜನ ಏನೇನು ಅಂದ್ರು ಗೊತ್ತಾ? "ತಾಯಿ ಕೆಲಸಕ್ಕೆ ಹೋಗ್ತಾಳೆ, ಅದಕ್ಕೇ." "ಮೊಬೈಲ್ ಕೊಟ್ಟು ಬೆಳೆಸಿದ್ರು, ಅದಕ್ಕೇ." "ಮನೆಯಲ್ಲಿ ಏನೋ ಪಾಪ ಇದೆ, ಉಪವಾಸ ಮಾಡಿ." ಯೋಹಾನ 9ನೇ ಅಧ್ಯಾಯದಲ್ಲಿ ಶಿಷ್ಯರು ಹುಟ್ಟುಕುರುಡನನ್ನು ನೋಡಿ ಕೇಳಿದ್ದೂ ಇದನ್ನೇ: ಪಾಪ ಯಾರದು, ಇವನದೋ, ಹೆತ್ತವರದೋ? ಯೇಸು ಎರಡನ್ನೂ ತಳ್ಳಿಹಾಕಿದನು. ಆದರೂ ಆ ಪ್ರಶ್ನೆ ಸಾಯಲಿಲ್ಲ ಪ್ರಿಯರೇ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯ ಆಟಿಸಂ ಬಗ್ಗೆ ಬರೆದ ಮೇಲೆ ಹಲವು ವರ್ಷ ಓದಿದವರೇ, ತಾಯಿಯ ಪ್ರೀತಿ ಕಡಿಮೆಯಾಗಿದ್ದಕ್ಕೆ ಹೀಗಾಯಿತು ಅಂತ ಹೇಳಿದರು. ಅದು ಸುಳ್ಳು ಅಂತ ಮುಂದೆ ಗೊತ್ತಾಯಿತು. ಆಟಿಸಂ ಅಂದರೆ ಮೆದುಳು ಬೆಳೆಯುವ ರೀತಿಯಲ್ಲಿನ ವ್ಯತ್ಯಾಸ. ಅದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು. ಈ ಹಾಲಿನಲ್ಲಿ ಯಾರಾದರೂ ತಾಯಿ ಆ ಭಾರ ಹೊತ್ತುಕೊಂಡು ಕೂತಿದ್ದರೆ, ಯೇಸುವಿನ ನಾಮದಲ್ಲಿ ಇವತ್ತೇ ಇಳಿಸಿಬಿಡಿ. ಅದು ನಿಮ್ಮ ತಪ್ಪಲ್ಲ. ಆಮೆನ್ ಹೇಳಿ.

ಈಗ ನನ್ನ ತಪ್ಪು ಹೇಳ್ತೀನಿ.

ಅವನಿಗೆ ಐದು ವರ್ಷ ಇದ್ದಾಗ ಒಂದು ಸ್ವಸ್ಥತಾ ಕೂಟಕ್ಕೆ ಎತ್ತಿಕೊಂಡು ಹೋದೆ. ಡ್ರಮ್ಸ್, ಕೀಬೋರ್ಡ್, ಎರಡು ಕಡೆ ಆಳೆತ್ತರದ ಸ್ಪೀಕರ್. ಇಂಥ ಮಕ್ಕಳಲ್ಲಿ ಅನೇಕರಿಗೆ ನಮಗೆ ಕೇಳುವ ಶಬ್ದವೇ ಎಷ್ಟೋ ಪಟ್ಟು ಜೋರಾಗಿ, ನೋವಾಗುವ ಹಾಗೆ ಕೇಳಿಸುತ್ತದೆ. ಅವನು ಎರಡೂ ಕಿವಿ ಮುಚ್ಚಿಕೊಂಡ. ನಾನು ಆ ಕೈ ಬಿಡಿಸಿದೆ. ಸ್ಟೇಜಿನ ಮುಂದೆ ಐದಾರು ಜನ ತಲೆ ಮೇಲೆ ಕೈಯಿಟ್ಟು ಕೂಗಿ ಪ್ರಾರ್ಥಿಸಿದರು. ಅವನು ಕಿರುಚಿ ತನ್ನ ಕೈ ತಾನೇ ಕಚ್ಚಿಕೊಂಡ. ಯಾರೋ "ಬಿಟ್ಟು ಹೋಗು" ಅಂತ ಗದರಿದರು. ನನ್ನ ಮಗುವಿನಲ್ಲಿ ದೆವ್ವ ಹುಡುಕ್ತಿದ್ದರು. ಅವರನ್ನು ತಡೆಯಬೇಕಾದ ನಾನು ಅವನನ್ನು ಇನ್ನೂ ಗಟ್ಟಿಯಾಗಿ ಹಿಡಕೊಂಡೆ.

ನನ್ನ ಹೆಂಡತಿ ಬಂದು ಅವನನ್ನು ಕಿತ್ತುಕೊಂಡು ಹೊರಗೆ ನಡೆದಳು. ಕಾರಲ್ಲಿ ಒಂದೇ ಮಾತು ಕೇಳಿದಳು: "ನೀನು ಪ್ರಾರ್ಥನೆ ಮಾಡಿಸಿದ್ದು ಅವನಿಗೋಸ್ಕರನಾ, ನಾಲ್ಕು ಜನ ನೋಡಲಿ ಅಂತನಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತು ಮನೆಗೆ ಹೋಗಲಿಲ್ಲ, ಕೊಂಡಜ್ಜಿಗೆ ಹೋದ್ವಿ. ನಿಮ್ಮಲ್ಲಿ ಕೆಲವರು ಸ್ಕೂಲಲ್ಲಿದ್ದಾಗ ಸ್ಕೌಟ್ಸ್ ಕ್ಯಾಂಪಿಗೆ ಅಲ್ಲಿಗೆ ಹೋಗಿರ್ತೀರಿ. ನಮ್ಮ ಪಕ್ಕದ ಹರಿಹರ ತಾಲ್ಲೂಕಿನ ಊರು. ಕೆರೆ, ಗುಡ್ಡ, ಮರ, ಗಾಳಿ. ಕೆರೆ ಏರಿ ಮೇಲೆ ಬಿಟ್ಟ ಕೂಡಲೇ ಅವನು ಕಿವಿಯಿಂದ ಕೈ ತೆಗೆದ. ನೀರು ನೋಡ್ತಾ ಸಣ್ಣಗೆ ಗುನುಗೋಕೆ ಶುರುಮಾಡಿದ. ನಾನು ಅವನ ಪಕ್ಕ ಕೂತು ಅತ್ತೆ.

ಆ ರಾತ್ರಿ ಮಾರ್ಕ 7 ಓದಿದೆ. ಎಷ್ಟು ಸಲ ಪ್ರಸಂಗ ಮಾಡಿದ್ದೆನೋ ಏನೋ, 33ನೇ ವಚನ ಮಾತ್ರ ಅವತ್ತೇ ಕಣ್ಣಿಗೆ ಬಿತ್ತು. ದೆಕಪೊಲಿಯಲ್ಲಿ ಕಿವಿ ಕೇಳದ, ಮಾತು ತೊಡಕುವ ಒಬ್ಬನನ್ನು ಜನ ಯೇಸುವಿನ ಹತ್ತಿರ ಕರಕೊಂಡು ಬರುತ್ತಾರೆ. ಆತನು ಮೊದಲು ಮಾಡಿದ್ದೇನು? ಅವನನ್ನು ಗುಂಪಿನಿಂದ ಆಚೆಗೆ, ಪ್ರತ್ಯೇಕವಾಗಿ ಕರೆದುಕೊಂಡು ಹೋದನು. ಆಮೇಲೆ ಅವನ ಕಿವಿ ಮುಟ್ಟಿದನು, ನಾಲಿಗೆ ಮುಟ್ಟಿದನು, ಮೇಲಕ್ಕೆ ನೋಡಿ ನಿಟ್ಟುಸಿರಿಟ್ಟನು. "ಎಪ್ಫಥಾ" ಅಂದದ್ದು ಕೊನೆಗೆ. ಆ ಮನುಷ್ಯನಿಗೆ ಆಟಿಸಂ ಇತ್ತು ಅಂತ ನಾನು ಹೇಳ್ತಿಲ್ಲ. ಆದರೆ ನೋಡಿ, ಮಾತು ಕೇಳಿಸದವನಿಗೆ ಯೇಸು ಅವನಿಗೆ ಅರ್ಥವಾಗುವ ಭಾಷೆಯಲ್ಲಿ, ಮುಟ್ಟಿ ಹೇಳಿದನು. ನಾನು ನನ್ನ ಮಗನನ್ನು ಗುಂಪಿನ ನಡುವೆ ತಂದೆ. ಯೇಸು ಆಗಿದ್ದರೆ ಗುಂಪಿನಿಂದ ಆಚೆ ಕರಕೊಂಡು ಹೋಗ್ತಿದ್ದನು.

ನಾನು ಸ್ವಸ್ಥಪಡಿಸುವ ದೇವರನ್ನು ಇವತ್ತಿಗೂ ನಂಬ್ತೀನಿ. ಮಗನ ತಲೆ ಮೇಲೆ ಕೈಯಿಟ್ಟು ಪ್ರತಿ ರಾತ್ರಿ ಪ್ರಾರ್ಥಿಸ್ತೀನಿ, ಮೆಲ್ಲಗೆ, ಅವನು ಬಿಟ್ಟರೆ ಮಾತ್ರ. ಆದರೆ ನಂಬಿಕೆ ಇದೆ ಅಂತ ಥೆರಪಿ ಬಿಡಬೇಡಿ. ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ ಅವಿಶ್ವಾಸ ಅಲ್ಲ. ಬೆಂಗಳೂರಲ್ಲಿ ನಿಮ್ಹಾನ್ಸ್ ಇದೆ, ಮೈಸೂರಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ನಮ್ಮ ದಾವಣಗೆರೆಯಲ್ಲೇ ವಿಕಲಚೇತನರ ಸಂಯುಕ್ತ ಪ್ರಾದೇಶಿಕ ಕೇಂದ್ರ ಇದೆ. 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ. ಯುಡಿಐಡಿ ಕಾರ್ಡ್ ಮಾಡಿಸಿ. 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆ ಇದೆ. ನಾಚಿಕೆಯಿಂದ ಮಗುವಿನ ಹಕ್ಕು ಕಳೆಯಬೇಡಿ.

ಯೌವನಸ್ಥರೇ, ಈಗ ನಿಮಗೆ. ಅನ್ಯಭಾಷೆಯಲ್ಲಿ ನಾವು ಪ್ರಾರ್ಥಿಸಿದರೆ ಯಾರಿಗೂ ಅರ್ಥ ಆಗಲ್ಲ, ಅದನ್ನು ವರ ಅಂತೀವಿ. ನನ್ನ ಮಗ ಗುನುಗಿದರೆ ತಿರುಗಿ ನೋಡ್ತೀವಿ! ಮಾತಿಗೆ ನಿಲುಕದ ನಿಟ್ಟುಸಿರನ್ನೇ ಪ್ರಾರ್ಥನೆ ಮಾಡುವ ಪವಿತ್ರಾತ್ಮನ ಬಗ್ಗೆ ರೋಮಾಪುರ 8:26 ಹೇಳುತ್ತದೆ. ಆ ಗುನುಗು ಆತನಿಗೆ ಅರ್ಥ ಆಗಲ್ವಾ?

ವರ್ಷಿಪ್ ಟೀಮಿನವರೇ, ಸೌಂಡ್ ಸ್ವಲ್ಪ ಇಳಿಸಿದರೆ ಅಭಿಷೇಕ ಇಳಿಯಲ್ಲ. ಬಾಗಿಲ ಹತ್ತಿರ ಎರಡು ಸಾಲು ಖಾಲಿ ಬಿಡೋಣ. ಮಗು ಕಿರುಚಿದಾಗ ತಾಯಿಯನ್ನು ನೋಡೋ ಬದಲು ಅವಳ ಬ್ಯಾಗ್ ಹಿಡಿಯಿರಿ.

ಕೊನೆಗೊಂದು ಸಾಕ್ಷಿ. ಅವನಿಗೆ ಎರಡು ವರ್ಷ ಇದ್ದಾಗ ಡಾಕ್ಟರ್ ಕೇಳಿದ್ದರು: "ಏನಾದರೂ ಕಂಡರೆ ಬೆರಳು ಮಾಡಿ ನಿಮಗೆ ತೋರಿಸ್ತಾನಾ?" ಇಲ್ಲ ಅಂದಿದ್ವಿ. ಆ ಕೂಟದ ದಿನದಿಂದ ಎಷ್ಟೋ ಭಾನುವಾರ ಆರಾಧನೆ ಮುಗಿಸಿ ಕೊಂಡಜ್ಜಿಗೆ ಹೋಗ್ತೀವಿ. ಹೋದ ತಿಂಗಳು ಅದೇ ಏರಿ ಮೇಲೆ ಒಂದು ಬೆಳ್ಳಕ್ಕಿ ಎದ್ದು ಹಾರಿತು. ಅವನು ಬೆರಳು ಎತ್ತಿ ಅದನ್ನು ತೋರಿಸಿದ. ಆಮೇಲೆ ತಿರುಗಿ ನನ್ನ ಮುಖ ನೋಡಿದ, ಅಪ್ಪ ನೋಡಿದನಾ ಇಲ್ವಾ ಅಂತ. ಐದು ವರ್ಷ ಕಾದಿದ್ದು ಆ ಒಂದು ಬೆರಳಿಗೆ. ಹಲ್ಲೆಲೂಯ!

ಇವತ್ತು ಯಾರನ್ನೂ ಮುಂದಕ್ಕೆ ಬನ್ನಿ ಅನ್ನಲ್ಲ. ಕೀಬೋರ್ಡ್ ಬೇಡ. ಕೂತಲ್ಲೇ ತಲೆ ಬಾಗಿಸೋಣ.

ತಂದೆಯೇ, ನಮ್ಮ ಗದ್ದಲವನ್ನು ಕ್ಷಮಿಸು. ದಣಿದ ತಂದೆತಾಯಿಗಳಿಗೆ ಈ ರಾತ್ರಿ ನಿದ್ದೆ ಕೊಡು. ನಮ್ಮ ಮಕ್ಕಳ ಪಕ್ಕ ಸುಮ್ಮನೆ ಕೂರುವುದನ್ನು ಈ ಸಭೆಗೆ ಕಲಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.