ಎಲ್ಲಾ ಕಲಿಯಬೇಕೆಂಬ ಆಸೆ ತಣ್ಹಾ ಆಗುತ್ತದೆಯೇ?

*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ಹೋದ ಭಾನುವಾರ ವಿಹಾರದಲ್ಲಿ ತ್ರಿಸರಣ, ಪಂಚಶೀಲ ಮುಗಿಸಿ ತಣ್ಹಾ ಎಂದರೆ ಏನು ಎಂದು ಮಾತಾಡುತ್ತಿದ್ದೆವು. ದುಃಖಕ್ಕೆ ಮೂಲ ತಣ್ಹಾ ಎಂದು ನಾನು ಹೇಳುತ್ತಿರುವಾಗ ಹಿಂದೆ ಕೂತಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು. ಪಿಯುಸಿ ಓದುವ ಹುಡುಗಿ. ತಾಯಿ ಪೌರಕಾರ್ಮಿಕರು.

"ಕಾಕಾ, ನನಗ ಇತಿಹಾಸ ಓದಬೇಕನಸ್ತದ. ಕತಿ, ಕವಿತಾ ಓದಬೇಕನಸ್ತದ. ವೆಬ್‌ಸೈಟ್ ಮಾಡೂದೂ ಕಲೀಬೇಕನಸ್ತದ. ಎಲ್ಲಾ ಬೇಕು ಅಂತೀನಿ. ಇದೂ ತಣ್ಹಾನೇ ಏನ್ರಿ?"

ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಆ ಪ್ರಶ್ನೆ ಎಲ್ಲಿಂದ ಬಂತು ಎಂಬುದು ನನಗೆ ಗೊತ್ತಿತ್ತು.

ಎಸ್ಸೆಸ್ಸೆಲ್ಸಿ ಪಾಸಾಗಿ ಅವಳು ಅಡ್ಮಿಶನ್‌ಗೆ ಹೋದಾಗ ಅಲ್ಲಿ ಕೂತಿದ್ದವರೊಬ್ಬರು ಅಂಕಪಟ್ಟಿಗಿಂತ ಮೊದಲು ಜಾತಿ ಪ್ರಮಾಣಪತ್ರ ನೋಡಿದರು. "ಕಂಪ್ಯೂಟರ್ ಸೈನ್ಸ್ ನಿನಗ್ಯಾಕವ್ವಾ, ಪಾಸಾಗೂದು ಕಷ್ಟ ಅದ" ಎಂದರು. ಅವಳು ಹಟ ಹಿಡಿದು ಅದನ್ನೇ ತೆಗೆದುಕೊಂಡಳು. ಈಗ ಮನೆಯಲ್ಲಿ ಇನ್ನೊಂದು ಮಾತು. ಇತಿಹಾಸದ ಪುಸ್ತಕ ಹಿಡಿದು ಕೂತರೆ ಸೋದರಮಾವ, "ಇದನ್ನ ಓದಿದ್ರ ನೌಕರಿ ಸಿಗ್ತದೇನು? ಕಂಪ್ಯೂಟರ್ ಒಂದೇ ನೋಡು" ಅನ್ನುತ್ತಾರೆ. ಮೊದಲನೆಯವರು ತಾತ್ಸಾರದಿಂದ ಒಂದು ಬಾಗಿಲು ಮುಚ್ಚಲು ನೋಡಿದರು. ಎರಡನೆಯವರು ಪ್ರೀತಿಯಿಂದಲೇ ಇನ್ನೊಂದು ಬಾಗಿಲು ಮುಚ್ಚುತ್ತಿದ್ದಾರೆ. ನಡುವೆ ನಿಂತ ಮಗು, ತನಗೆ ಕಲಿಯಬೇಕು ಅನ್ನಿಸುವುದೇ ತಪ್ಪೇನೋ ಎಂದು ಕೇಳುತ್ತಿದೆ.

ಬಂಧುಗಳೇ, ಇದಕ್ಕೆ ಧಮ್ಮದಲ್ಲಿ ಉತ್ತರವಿದೆ.

ಆಸೆ ಎಲ್ಲವೂ ತಣ್ಹಾ ಅಲ್ಲ. ಪಾಲಿಯಲ್ಲಿ ಛಂದ ಎಂಬ ಇನ್ನೊಂದು ಮಾತಿದೆ. ಒಳ್ಳೆಯದನ್ನು ಮಾಡಬೇಕೆಂಬ ಮನಸ್ಸು ಕುಶಲ ಛಂದ. ತಣ್ಹಾ "ನನಗೆ, ನನ್ನದು" ಎಂದು ಬಾಚಿಕೊಳ್ಳುತ್ತದೆ, ಸಿಕ್ಕಷ್ಟೂ ಹಸಿಯುತ್ತದೆ. ಛಂದ ದುಡಿಯಲು ಎಬ್ಬಿಸುತ್ತದೆ, ಕೆಲಸ ಆದ ಮೇಲೆ ತಣ್ಣಗಾಗುತ್ತದೆ. ಎರಡನ್ನೂ ಗುರುತಿಸಲು ಒಂದು ಸುಲಭ ಪರೀಕ್ಷೆ: ಕಲಿತದ್ದನ್ನು ಬಚ್ಚಿಟ್ಟುಕೊಳ್ಳಬೇಕು ಅನ್ನಿಸುತ್ತದೆಯೋ, ಪಕ್ಕದವರಿಗೂ ಹೇಳಬೇಕು ಅನ್ನಿಸುತ್ತದೆಯೋ?

ನಾವು ಪಠಿಸುವ ಮಹಾಮಂಗಲ ಸುತ್ತ ನೆನಪಿಸಿಕೊಳ್ಳಿ. ಶಕುನ, ಗಳಿಗೆ ಹುಡುಕುವ ಲೋಕಕ್ಕೆ ಭಗವಾನರು ಅಲ್ಲಿ ನಡತೆಯನ್ನು, ಕಲಿಕೆಯನ್ನು ಮಂಗಲ ಎಂದು ತೋರಿಸುತ್ತಾರೆ. ಒಟ್ಟು 38 ಮಂಗಲಗಳು. ಅದರಲ್ಲಿ ಏಳನೆಯದು ಬಹುಸಚ್ಚ, ಅಂದರೆ ಬಹಳ ಕೇಳಿ ತಿಳಿದಿರುವುದು. ಎಂಟನೆಯದು ಸಿಪ್ಪ, ಅಂದರೆ ಕೈಗೆ ಹತ್ತಿದ ವಿದ್ಯೆ, ಕಸುಬು. ಒಂಬತ್ತನೆಯದು ಚೆನ್ನಾಗಿ ರೂಢಿಸಿಕೊಂಡ ವಿನಯ, ಶಿಸ್ತು. ಹತ್ತನೆಯದು ಒಳ್ಳೆಯ ಮಾತು. ಇವು ಒಂದರ ಪಕ್ಕ ಒಂದು ಬರುತ್ತವೆ. ಜ್ಞಾನ ಮೇಲು, ಕಸುಬು ಕೀಳು ಎಂದು ಅಲ್ಲಿ ಇಲ್ಲ. ಕಸುಬು ಇದ್ದರೆ ಸಾಕು, ಜ್ಞಾನ ಬೇಡ ಎಂದೂ ಇಲ್ಲ. ಇತಿಹಾಸ, ಸಾಹಿತ್ಯ ಬಹುಸಚ್ಚ ಆದರೆ ಇಂದಿನ ವೆಬ್ ಪ್ರೋಗ್ರಾಮಿಂಗ್ ಒಂದು ಸಿಪ್ಪ. ಆ ಹುಡುಗಿ ಕೇಳಿದ್ದು ಎರಡು ಮಂಗಲಗಳನ್ನು.

ಬಾಬಾಸಾಹೇಬರ ಓದನ್ನೇ ನೋಡಿ. ಶಾಲೆಯಲ್ಲಿ ಅವರು ಸಂಸ್ಕೃತ ಕಲಿಯಬೇಕೆಂದಿದ್ದರು. ಅಸ್ಪೃಶ್ಯ ಎಂಬ ಕಾರಣಕ್ಕೆ ಅದು ಸಿಗಲಿಲ್ಲ. ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. ಅವರು ಪರ್ಷಿಯನ್ನನ್ನೂ ಚೆನ್ನಾಗಿ ಓದಿದರು, ಮುಂದೆ ಸಂಸ್ಕೃತವನ್ನೂ ಕಲಿತರು. 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದಾಗ ಎಷ್ಟು ವಿಷಯ ತೆಗೆದುಕೊಂಡರು ಗೊತ್ತೇ? ಅರ್ಥಶಾಸ್ತ್ರದಲ್ಲಿ 29 ಕೋರ್ಸ್, ಇತಿಹಾಸದಲ್ಲಿ 11, ಸಮಾಜಶಾಸ್ತ್ರದಲ್ಲಿ 6, ತತ್ವಶಾಸ್ತ್ರದಲ್ಲಿ 5, ಮಾನವಶಾಸ್ತ್ರದಲ್ಲಿ 4, ರಾಜ್ಯಶಾಸ್ತ್ರದಲ್ಲಿ 3. ಜೊತೆಗೆ ಫ್ರೆಂಚ್, ಜರ್ಮನ್ ಒಂದೊಂದು. 1916ರಲ್ಲಿ ಜಾತಿಯ ಹುಟ್ಟಿನ ಬಗ್ಗೆ ಪ್ರಬಂಧ ಓದಿದ್ದು ಮಾನವಶಾಸ್ತ್ರದ ತರಗತಿಯಲ್ಲಿ. 1923ರಲ್ಲಿ ರೂಪಾಯಿಯ ಸಮಸ್ಯೆಯ ಬಗ್ಗೆ ಪುಸ್ತಕ ತಂದದ್ದು ಅರ್ಥಶಾಸ್ತ್ರಜ್ಞರಾಗಿ. ಕಾನೂನು ಬೇರೆಯೇ ಓದಿದರು. ಕೊನೆಗಾಲದಲ್ಲಿ ಕಣ್ಣು, ಕಾಲು ಸೋಲುತ್ತಿದ್ದರೂ ಪಾಲಿಯ ಕೆಲಸ ಬಿಡಲಿಲ್ಲ. ಒಂದೇ ವಿಷಯ ಸಾಕು ಎಂದು ಅವರು ಕೂತಿದ್ದರೆ ಸಂವಿಧಾನಕ್ಕೆ ಆ ಅರ್ಥಶಾಸ್ತ್ರದ ಕಣ್ಣು, ಇತಿಹಾಸದ ಕಣ್ಣು ಎಲ್ಲಿಂದ ಬರುತ್ತಿತ್ತು? 1956ರ ಅಕ್ಟೋಬರ್ 14ರ ದೀಕ್ಷೆಯ ಹಿಂದೆಯೂ ಎಷ್ಟೋ ವರ್ಷಗಳ ಓದು ಇತ್ತು.

ಈಗ ಒಂದೊಂದಾಗಿ ನೋಡೋಣ. ಇತಿಹಾಸ ಯಾಕೆ ಬೇಕು?

ದೂರ ಹೋಗಬೇಡಿ, ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಗೆ ಬನ್ನಿ. ಭೀಮಾ ನದಿಯ ದಡ. 1986ರಲ್ಲಿ ಅಲ್ಲಿಯ ಹಳೆಯ ಗುಡಿಯ ಚಾವಣಿ ಕುಸಿಯಿತು. ದೇವಿಯ ವಿಗ್ರಹಕ್ಕೆ ಪೀಠವಾಗಿ ಬಳಸಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಇರುವುದು ಕಂಡಿತು. ಹತ್ತಿರದ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡ ಸ್ತೂಪವೇ ಸಿಕ್ಕಿತು. ಅಲ್ಲಿನ ಒಂದು ಶಿಲ್ಪದಲ್ಲಿ ಅಶೋಕನ ಚಿತ್ರ ಇದೆ, ಬ್ರಾಹ್ಮಿ ಲಿಪಿಯಲ್ಲಿ ಅವನ ಹೆಸರೂ ಇದೆ. ಎಷ್ಟು ತಲೆಮಾರಿನ ಜನ ಆ ಕಲ್ಲುಗಳ ಹತ್ತಿರ ದನ ಮೇಯಿಸಿದ್ದಾರೋ! ಅಕ್ಷರ ಕಣ್ಣ ಮುಂದೆಯೇ ಇತ್ತು, ಓದುವವರು ಇರಲಿಲ್ಲ. ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಓದಿದ ಮೇಲೆಯೇ ಶಾಸನಗಳು ಮಾತಾಡಿದವು. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಿಂದ, ದೇವಾನಾಂಪ್ರಿಯ ಎಂದು ಕರೆಸಿಕೊಂಡವನು ಅಶೋಕನೇ ಎಂದು ಖಚಿತವಾಯಿತು. ಓದುವವರಿಲ್ಲದ ಇತಿಹಾಸ ಬೇರೆಯವರ ಪೀಠವಾಗುತ್ತದೆ. ಇತಿಹಾಸ ಓದುವುದು ನೌಕರಿಗಷ್ಟೇ ಅಲ್ಲ ಎಂದು ಆ ಸೋದರಮಾವನಿಗೆ ಹೇಳಬೇಕಾದದ್ದು ಇಷ್ಟೇ.

ಸಾಹಿತ್ಯ ಯಾಕೆ ಬೇಕು?

ಥೇರೀಗಾಥೆಯಲ್ಲಿ ಪುಣ್ಣಿಕಾ ಇದ್ದಾಳೆ. ನೀರು ಹೊರುವ ದಾಸಿ. ಚಳಿಯಲ್ಲಿ ನಡುಗುತ್ತಾ ನದಿಯಲ್ಲಿ ಮುಳುಗುತ್ತಿದ್ದ ಬ್ರಾಹ್ಮಣನನ್ನು ಅವಳು ಪ್ರಶ್ನಿಸುತ್ತಾಳೆ. ಪಾಪ ತೊಳೆಯಲು ಎಂದು ಅವನು ಹೇಳುತ್ತಾನೆ. ಹಾಗಾದರೆ ಕಪ್ಪೆ, ಆಮೆ, ಮೊಸಳೆ ಎಲ್ಲಾ ಸ್ವರ್ಗಕ್ಕೆ ಹೋಗಬೇಕಲ್ಲ, ನೀರು ಪಾಪ ಒಯ್ದರೆ ಪುಣ್ಯವನ್ನೂ ಒಯ್ಯಬೇಕಲ್ಲ ಎಂದು ಅವಳು ಕೇಳುತ್ತಾಳೆ. ಕೊಡ ಹೊತ್ತ ಹೆಣ್ಣುಮಗಳ ತರ್ಕ ಎರಡು ಸಾವಿರ ವರ್ಷ ದಾಟಿ ನಮಗೆ ಮುಟ್ಟಿದೆ, ಯಾಕೆಂದರೆ ಅದು ಹಾಡಾಗಿ ಉಳಿಯಿತು. ನಮ್ಮ ಕಾಲದಲ್ಲಿ ಸಿದ್ಧಲಿಂಗಯ್ಯ, ದೇವನೂರ ಮಹಾದೇವ, ಅರವಿಂದ ಮಾಲಗತ್ತಿ ಬರೆದದ್ದನ್ನು ಓದಿದ ಹುಡುಗ ಹುಡುಗಿಯರಿಗೆ ತಮ್ಮ ಓಣಿಯ ಬಗ್ಗೆ ನಾಚಿಕೆ ಉಳಿಯುವುದಿಲ್ಲ. ನಮ್ಮ ನೋವಿಗೆ ನಮ್ಮದೇ ಮಾತು ಕೊಡುವುದು ಸಾಹಿತ್ಯ.

ಇನ್ನು ವೆಬ್ ಪ್ರೋಗ್ರಾಮಿಂಗ್.

ಇದು ಶ್ರೀಮಂತರ ವಿದ್ಯೆ ಎಂದು ಹೆದರಬೇಡಿ. 1989ರಲ್ಲಿ ಟಿಮ್ ಬರ್ನರ್ಸ್-ಲೀ ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿ ವೆಬ್ಬಿನ ಯೋಜನೆ ಬರೆದರು. 1993ರಲ್ಲಿ ಆ ಸಂಸ್ಥೆ ಅದನ್ನು ಯಾರು ಬೇಕಾದರೂ ಉಚಿತವಾಗಿ ಬಳಸಲಿ ಎಂದು ಲೋಕಕ್ಕೆ ಬಿಟ್ಟುಕೊಟ್ಟಿತು. ಇಂದಿಗೂ ಕಂಪ್ಯೂಟರಿನ ಬ್ರೌಸರಿನಲ್ಲಿ ಒಂದು ಪುಟ ತೆರೆದು ಅದರ ಸೋರ್ಸ್ ನೋಡಬಹುದು. ಪುಟದ ಅಂಗಗಳನ್ನು ಹೇಳುವ ಎಚ್‌ಟಿಎಮ್‌ಎಲ್, ಬಣ್ಣ ಅಳತೆ ಹೇಳುವ ಸಿಎಸ್‌ಎಸ್, ಚಲನೆ ಕೊಡುವ ಜಾವಾಸ್ಕ್ರಿಪ್ಟ್ ಅಲ್ಲೇ ಕಾಣುತ್ತವೆ. ಇಲ್ಲಿ ಯಾವ ಅಕ್ಷರವೂ ನಿಮ್ಮ ಜಾತಿ ಕೇಳುವುದಿಲ್ಲ. ಜಾತಿ ಕೇಳುವವರು ಬಾಗಿಲಲ್ಲಿ ಕೂತ ಮನುಷ್ಯರು. ಆ ಬಾಗಿಲನ್ನು ಪ್ರಶ್ನಿಸಬೇಕು, ವಿದ್ಯೆಯನ್ನು ಬಿಡಬಾರದು.

ಚರ್ಚೆ ಮುಗಿದ ಮೇಲೆ ಅವಳು ತಾನು ಮಾಡಿದ ಒಂದು ಪುಟ ತೋರಿಸಿದಳು. ಸನ್ನತಿಯ ಬಗ್ಗೆ, ಕನ್ನಡದಲ್ಲಿ. ಮೊದಲ ಸಲ ತೆರೆದಾಗ ಕನ್ನಡದ ಜಾಗದಲ್ಲಿ ಏನೇನೋ ವಿಚಿತ್ರ ಗುರುತು ಬಂದಿದ್ದವಂತೆ. ಎರಡು ದಿನ ಹುಡುಕಿದಳಂತೆ. ಪುಟದಲ್ಲಿರುವ ಅಕ್ಷರ ಯುಟಿಎಫ್-8 ಎಂದು ಬ್ರೌಸರಿಗೆ ಹೇಳುವ ಒಂದು ಸಾಲು ಬಿಟ್ಟುಹೋಗಿತ್ತು. ಸೇರಿಸಿದ ಕೂಡಲೇ ಕನ್ನಡ ಸರಿಯಾಗಿ ಬಂತು.

ನಾನು ಅವಳಿಗೆ ಹೇಳಿದೆ, "ತಂಗಿ, ನೀ ಕಲಿತಿದ್ದು ಪಟಿಚ್ಚ ಸಮುಪ್ಪಾದ." ಇದು ಇದ್ದರೆ ಅದು ಉಂಟು, ಇದು ಇಲ್ಲದಿದ್ದರೆ ಅದೂ ಇಲ್ಲ. ಪುಟ ಕೆಟ್ಟಾಗ ಅವಳು ಗ್ರಹಚಾರ ಅನ್ನಲಿಲ್ಲ, ಹರಕೆ ಹೊರಲಿಲ್ಲ, ಹಣೆಬರಹ ಎಂದು ಕೂರಲಿಲ್ಲ. ಕಾರಣ ಹುಡುಕಿದಳು, ತಿದ್ದಿದಳು. ಕೋಡ್ ಬರೆಯುವುದು ದಿನಾ ಈ ಅಭ್ಯಾಸ ಮಾಡಿಸುತ್ತದೆ. ಇದೇ ಕಣ್ಣಿನಿಂದ ಸಮಾಜ ನೋಡಿದರೆ, ಜಾತಿಯೂ ಕಾರಣಗಳಿಂದ ಹುಟ್ಟಿದ್ದು, ಕಾರಣ ತೆಗೆದರೆ ಅಳಿಯುವಂಥದ್ದು ಎಂದು ತಿಳಿಯುತ್ತದೆ.

ಆದರೆ ಬಂಧುಗಳೇ, ಒಂದು ಎಚ್ಚರ ಬೇಕು. ಮಂಗಲ ಸುತ್ತದಲ್ಲಿ ಬಹುಸಚ್ಚ, ಸಿಪ್ಪ ಆದ ಕೂಡಲೇ ವಿನಯ ಬರುತ್ತದೆ. "ಬುದ್ಧ ಮತ್ತು ಆತನ ಧಮ್ಮ" ಗ್ರಂಥದಲ್ಲಿ ಬಾಬಾಸಾಹೇಬರು, ವಿದ್ಯೆಯನ್ನು ಎಲ್ಲರಿಗೂ ತೆರೆಯುವುದೇ ಸದ್ಧಮ್ಮದ ಗುರುತು ಎನ್ನುತ್ತಾರೆ. ಅಷ್ಟಕ್ಕೇ ನಿಲ್ಲದೆ, ಬರೀ ವಿದ್ಯೆ ಸಾಲದು, ಪ್ರಜ್ಞೆ ಬೇಕು, ಪ್ರಜ್ಞೆಯ ಜೊತೆ ಶೀಲ, ಕರುಣೆ, ಮೈತ್ರಿ ಬೇಕು ಎನ್ನುತ್ತಾರೆ. ಮಿಲಿಂದ ರಾಜ 19 ವಿದ್ಯೆಗಳಲ್ಲಿ ಪಾರಂಗತ ಎಂದು ಮಿಲಿಂದಪಞ್ಹ ಹೇಳುತ್ತದೆ. ಅಂಥವನಿಗೂ ಭಿಕ್ಖು ನಾಗಸೇನರು ಒಂದು ಷರತ್ತು ಹಾಕಿದರು: ಪಂಡಿತನಂತೆ ವಾದಿಸುವುದಾದರೆ ವಾದಿಸುತ್ತೇನೆ, ರಾಜನಂತೆ ಆದರೆ ಇಲ್ಲ. ಪಂಡಿತರ ಚರ್ಚೆಯಲ್ಲಿ ತಪ್ಪು ತೋರಿಸಿದರೆ ಯಾರೂ ಸಿಟ್ಟಾಗುವುದಿಲ್ಲ. ರಾಜ ಒಪ್ಪಿದ. 1950ರಲ್ಲಿ ಔರಂಗಾಬಾದಿನಲ್ಲಿ ಬಾಬಾಸಾಹೇಬರು ಕಟ್ಟಿದ ಕಾಲೇಜಿಗೆ ಮಿಲಿಂದನ ಹೆಸರಿದೆ. ಎಷ್ಟು ಓದಿದರೂ ತಪ್ಪು ಒಪ್ಪಿಕೊಳ್ಳುವ ಮನಸ್ಸಿರಲಿ ಎಂಬ ಪಾಠ ಆ ಹೆಸರಿನಲ್ಲೇ ಇದೆ.

ಎಲ್ಲಾ ಮಕ್ಕಳಿಗೂ ಎಲ್ಲಾ ಬೇಗ ತಲೆಗೆ ಹತ್ತುವುದಿಲ್ಲ. ಚೂಳಪಂಥಕ ಎಂಬ ಭಿಕ್ಖುವಿಗೆ ನಾಲ್ಕು ತಿಂಗಳಲ್ಲಿ ಒಂದು ಗಾಥೆ ಬಾಯಿಗೆ ಬರಲಿಲ್ಲ. ಸ್ವಂತ ಅಣ್ಣನೇ ಹೊರಗೆ ಹೋಗು ಎಂದ. ಭಗವಾನರು ಅವನನ್ನು ಕಳಿಸಲಿಲ್ಲ. ಬಿಳಿ ಬಟ್ಟೆಯ ತುಂಡು ಕೊಟ್ಟು ಕೈಯಿಂದ ಉಜ್ಜುತ್ತಾ ಇರು ಎಂದರು. ಬಟ್ಟೆ ಕೊಳೆಯಾಗುವುದನ್ನು ನೋಡುತ್ತಾ ಅನಿತ್ಯ ಎಂದರೆ ಏನೆಂದು ಅವನಿಗೆ ಅರಿವಾಯಿತು. ಗಣಿತದಲ್ಲಿ ಫೇಲಾದ ಮಗನಿಗೆ, ಇಂಗ್ಲಿಷಿನಲ್ಲಿ ತಡವರಿಸುವ ಮಗಳಿಗೆ "ನಿನ್ನ ಕೈಲಾಗಲ್ಲ" ಎನ್ನುವ ಮೊದಲು ಆ ಬಟ್ಟೆಯ ತುಂಡು ನೆನಪಾಗಲಿ. ಇನ್ನೊಂದು ದಾರಿಯಿಂದ ಹೇಳಿಕೊಡಿ.

*ಈ ವಾರದ ಅಭ್ಯಾಸ:* ಮನೆಯಲ್ಲಿ ಓದುವ ಮಕ್ಕಳಿದ್ದರೆ ರಾತ್ರಿ ಊಟ ಆದ ಮೇಲೆ ಕಾಲು ಗಂಟೆ ಅವರ ಹತ್ತಿರ ಕೂತು, "ಇವತ್ತು ಏನು ಕಲಿತಿ, ನನಗೂ ಹೇಳು" ಎನ್ನಿ. ಎಷ್ಟು ಅಂಕ ಬಂತು ಎಂದು ಕೇಳಬೇಡಿ. ಓದಿದ ಅಣ್ಣ ಅಕ್ಕಂದಿರು ಓಣಿಯ ಒಂದು ಮಗುವಿಗಾದರೂ ತಮಗೆ ಗೊತ್ತಿರುವ ಒಂದು ವಿಷಯ ಹೇಳಿಕೊಡಿ. ಅದೂ ದಾನವೇ.

ಕೊನೆಯ ಮಾತು. ಆ ಹುಡುಗಿಯ ತಾಯಿ ಅಂದು ಮಗಳ ಪಕ್ಕದಲ್ಲೇ ಇದ್ದರು. ಫೋನ್ ಅವರ ಕೈಗೆ ಕೊಟ್ಟೆ. "ನನಗ ಓದಾಕ ಬರಂಗಿಲ್ರಿ, ಅಕೀನೇ ಓದ್ಲಿ" ಎಂದರು. ಮಗಳು ಸನ್ನತಿಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಓದಿ ಹೇಳಿದಳು. ತಾಯಿ ನಡುವೆ ನಾಲ್ಕು ಪ್ರಶ್ನೆ ಕೇಳಿದರು. ಒಂದಕ್ಕೆ ನನಗೂ ಉತ್ತರ ಗೊತ್ತಿರಲಿಲ್ಲ.

ಭಗವಾನರ ಕಾಲದಲ್ಲಿ ವಿದ್ಯೆ ಕಿವಿಯಿಂದಲೇ ಬರುತ್ತಿತ್ತು. ಬಹಳ ಕೇಳಿದವರನ್ನು ಬಹುಸ್ಸುತ ಎನ್ನುತ್ತಿದ್ದರು. ಅಂದು ವಿಹಾರದಲ್ಲಿ ತಾಯಿ ಮಗಳು ಇಬ್ಬರೂ ಬಹುಸ್ಸುತರಾಗುವ ದಾರಿಯಲ್ಲಿದ್ದರು. ಅವಳ ಪ್ರಶ್ನೆಗೆ ನನ್ನ ಉತ್ತರವೂ ಅದೇ: ಅಲ್ಲ ತಂಗಿ, ಇದು ತಣ್ಹಾ ಅಲ್ಲ. ಕಲಿ, ಎಲ್ಲಾ ಕಲಿ. ಕಲಿತು ಅವ್ವನಿಗೂ ಹೇಳು.

ಎಲ್ಲರಿಗೂ ಮಂಗಲವಾಗಲಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.

ನಮೋ ಬುದ್ಧಾಯ. ಜೈ ಭೀಮ್.

_ನಿಮ್ಮ ಓಣಿಯ ಗ್ರೂಪಿಗೂ, ಓದುವ ಮಕ್ಕಳಿರುವ ಮನೆಗಳಿಗೂ ಕಳುಹಿಸಿ._