ಜೊತೆಯಲ್ಲಿ ಓಡುವವನು

ಹಸಿದವನಿಗೆ ಅನ್ನ ಕೊಡುವದೂ ಚಳಿಯಲ್ಲಿ ನಡುಗುವವನಿಗೆ ಹೊದಿಕೆ ಕೊಡುವದೂ ಧರ್ಮವೆಂದು ನಾವೆಲ್ಲರೂ ಬಲ್ಲೆವು. ಆದರೆ ಮಲಗುವದಕ್ಕೆ ಮನೆಯಿಲ್ಲದವನ ಸಂಗಡ ನಸುಕಿನಲ್ಲಿ ಎದ್ದು ಓಡುವದು ಧರ್ಮವೋ ಎಂದು ಯಾರಾದರೂ ಕೇಳಿದರೆ ನಗು ಬರುವದು. ನಾವೂ ಈ ಸಂಗತಿಯನ್ನು ಮೊದಲು ಕೇಳಿದಾಗ ನಕ್ಕೆವು. ಹೊಟ್ಟೆಗಿಲ್ಲದವನನ್ನು ಇನ್ನೂ ಓಡಿಸುವದೇ ಎಂದೆವು. ಆ ನಗುವನ್ನು ಹಿಂದಕ್ಕೆ ತಕ್ಕೊಳ್ಳುವ ಕಾರಣವನ್ನು ಈಗ ಹೇಳುವೆವು. ಪೂರ್ಣವಾಗಿ ತಕ್ಕೊಂಡಿದ್ದೇವೆಂದು ಮಾತ್ರ ಹೇಳಲಾರೆವು.

ಅಮೇರಿಕದ ಫಿಲಡೆಲ್ಫಿಯ ಪಟ್ಟಣದಲ್ಲಿ ಆ್ಯನ್ ಮಾಲಮ್ ಎಂಬ ಯುವತಿಗೆ ಬೆಳಗಿನ ಜಾವ ಓಡುವ ರೂಢಿಯಿತ್ತು. ಅವಳ ದಾರಿಯಲ್ಲಿ ದಿಕ್ಕಿಲ್ಲದ ಗಂಡಸರು ತಂಗುವ ಒಂದು ಆಶ್ರಯಶಾಲೆಯುಂಟು. ಅದರ ಮುಂದೆ ನಿಂತವರು ಇವಳನ್ನು ಕಂಡು ಕೈಬೀಸುವರು, ಇವಳೂ ಬೀಸುವಳು. ಒಂದೆರಡು ನಗೆಮಾತೂ ಆಗುವದು. ತಾನು ದಿನಾಲು ಇವರನ್ನು ದಾಟಿ ಮುಂದೆ ಹೋಗುತ್ತಿದ್ದೇನೆ, ಇವರು ನಿಂತಲ್ಲಿಯೇ ನಿಂತಿದ್ದಾರೆ ಎಂಬದು ಅವಳ ಮನಸ್ಸಿಗೆ ನಾಟಿತು. 2007ರಲ್ಲಿ ಆಶ್ರಯಶಾಲೆಯ ಮುಖ್ಯಸ್ಥರನ್ನು ಒಪ್ಪಿಸಿ, ಜೋಡುಗಳನ್ನು ಒದಗಿಸಿ, ಒಂಭತ್ತು ಮಂದಿಯನ್ನು ಕೂಡಿಸಿಕೊಂಡು ಓಡತೊಡಗಿದಳು. ಬ್ಯಾಕ್ ಆನ್ ಮೈ ಫೀಟ್ ಎಂಬ ಆ ಸಂಘವು ಆಮೇಲೆ ಅನೇಕ ಪಟ್ಟಣಗಳಿಗೆ ಹಬ್ಬಿತು. ವಾರಕ್ಕೆ ಮೂರು ಬೆಳಿಗ್ಗೆ ಕೂಡುತ್ತಾರೆ. ಹೆಗಲಿಗೆ ಹೆಗಲು ಕೊಟ್ಟು ವೃತ್ತವಾಗಿ ನಿಂತು ಒಂದು ಪ್ರಾರ್ಥನೆಯನ್ನು ಹೇಳಿ ಹೊರಡುತ್ತಾರೆ.

ದಾನದಲ್ಲಿ ಕೊಡುವವನ ಕೈ ಮೇಲೆ, ತಕ್ಕೊಳ್ಳುವವನ ಕೈ ಕೆಳಗೆ. ಎಷ್ಟು ಪ್ರೀತಿಯಿಂದ ಕೊಟ್ಟರೂ ಇದು ತಪ್ಪದು. ತಕ್ಕೊಂಡವನು ತಲೆ ತಗ್ಗಿಸಿದ್ದನ್ನು ನಾವು ಕೃತಜ್ಞತೆಯೆಂದು ತಿಳಿಯುತ್ತೇವೆ. ಕೆಲವು ಸಾರಿ ಅದು ನಾಚಿಕೆಯೇ ಆಗಿರುತ್ತದೆ. ಓಡುವಾಗಲಾದರೋ ಇಬ್ಬರ ಏದುಸಿರೂ ಒಂದೇ, ಬೆವರೂ ಒಂದೇ. ಉಪಕಾರಕ್ಕೆಂದು ಬಂದವನು ಹಿಂದೆ ಬಿದ್ದು, ಮನೆಯಿಲ್ಲದವನು ಅವನಿಗೋಸ್ಕರ ಹೆಜ್ಜೆ ತಡೆಯುವದೂ ಉಂಟು. ಇದಲ್ಲದೆ, ಎದುರೆದುರು ಕೂತು ಹೇಳಲಾರದ ಮಾತು ಮಗ್ಗುಲಲ್ಲಿ ನಡೆಯುವಾಗ ತಾನಾಗಿ ಬರುವದೆಂಬದನ್ನು ಕೂಡಿ ಸಂತೆಗೆ ಹೋಗಿಬರುವ ನಮ್ಮ ಹಳ್ಳಿಯವರಿಗೆ ಯಾರೂ ಕಲಿಸಬೇಕಾಗಿಲ್ಲ.

ಆದಾಗ್ಯೂ ಈ ಸಮಾನತೆಯು ಒಂದು ತಾಸಿನದು. ಓಟ ಮುಗಿದ ಮೇಲೆ ಒಬ್ಬನು ಬಿಸಿನೀರಿಗೂ ತಿಂಡಿಗೂ ತನ್ನ ಮನೆಗೆ ಹೋಗುವನು, ಮತ್ತೊಬ್ಬನು ಹತ್ತು ಮಂದಿಯ ನಡುವಿನ ಹಾಸಿಗೆಗೆ ಹಿಂತಿರುಗುವನು. ಕಾಲಿನ ಬಲವು ಬಾಡಿಗೆಯನ್ನು ಸಲ್ಲಿಸದು. ಆ ಸಂಘದವರೂ ಇದನ್ನು ಅರಿತೇ, ಮೂವತ್ತು ದಿನಗಳಲ್ಲಿ ನೂರಕ್ಕೆ 90ರಷ್ಟು ಓಟಗಳಿಗೆ ತಪ್ಪದೆ ಬಂದವನಿಗೆ ಉದ್ಯೋಗಕ್ಕೂ ಮನೆಗೂ ಬೇಕಾದ ಸಹಾಯವನ್ನು ಸೇರಿಸಿದರು. ಇದು ಬುದ್ಧಿಯ ಕೆಲಸ. ಆದರೆ ನಮಗೆ ಇಲ್ಲೊಂದು ಮುಳ್ಳು ಚುಚ್ಚುತ್ತದೆ. ಮಂಡಿ ಹಾಳಾದ ಮುದುಕನ ಗತಿಯೇನು? ಕುಡಿತವನ್ನು ಬಿಟ್ಟು ಹತ್ತು ದಿನ ಬಂದು ಹನ್ನೊಂದನೆಯ ದಿನ ಬಿದ್ದವನ ಗತಿಯೇನು? ಲೆಕ್ಕದ ಪುಸ್ತಕಕ್ಕೆ ಷರತ್ತು ಬೇಕು. ಸ್ನೇಹಕ್ಕೆ ಷರತ್ತು ಹಾಕಿದರೆ ಅದು ಕೂಲಿಯಾಗುವದು. ಎರಡನ್ನೂ ಒಂದೇ ಬೆಳಿಗ್ಗೆ, ಒಂದೇ ಬೀದಿಯಲ್ಲಿ ನಡಿಸುವದು ಸುಲಭವಲ್ಲ.

ಇನ್ನು ಪರದೇಶದಿಂದ ಸೇವೆಗೆಂದು ಬಂದವನ ವಿಷಯ. ಓದುವದಕ್ಕಾಗಲಿ ಕೆಲವು ತಿಂಗಳ ಸೇವೆಗಾಗಲಿ ಸಮುದ್ರ ದಾಟಿಹೋದ ತರುಣನು ಇಂಥಾ ಗುಂಪನ್ನು ಸೇರಿದರೆ ಅವನಿಗೆ ಮೊದಲು ದೊರಕುವದು ಸಂತೋಷ. ಆ ಪಟ್ಟಣದಲ್ಲಿ ಅವನೂ ಗುರುತಿಲ್ಲದವನು. ಅವನ ಹೆಸರನ್ನು ಕರೆದು ಎದುರುಗೊಳ್ಳುವವನು ಆಶ್ರಯಶಾಲೆಯವನೇ. ಹೀಗಿರುವಾಗ ಯಾರು ಯಾರಿಗೆ ಆಶ್ರಯ ಕೊಟ್ಟರು? ಆದರೆ ಅವನ ಬಳಿಯಲ್ಲಿ ಹಿಂತಿರುಗುವ ಚೀಟಿ ಇದೆ. ಮನೆ ಕಳಕೊಂಡವನನ್ನು ಹೆಂಡತಿ, ಮಕ್ಕಳು, ಯಜಮಾನ, ಒಬ್ಬರಾದ ಮೇಲೊಬ್ಬರು ಬಿಟ್ಟುಹೋಗಿರಬಹುದು. ಆ ಸಾಲಿನಲ್ಲಿ ಇವನೂ ಒಬ್ಬನಾಗುವನು. ಹಾಗಾದರೆ ಬಿಡುವ ಸ್ನೇಹವನ್ನು ಹಿಡಿಯುವದೇ ತಪ್ಪೋ? ತಪ್ಪೆಂದರೆ ಪರದೇಶಿಯೂ ಬಡವನೂ ಎಂದೂ ಒಂದಾಗಲಾರರು. ನಮ್ಮ ಅಭಿಪ್ರಾಯವೇನಂದರೆ, ಅವನು ಹೊರಡುವ ತಿಂಗಳನ್ನು ಮೊದಲನೆಯ ದಿನವೇ ಹೇಳಲಿ. ಬರೆಯಲಾರದ ಕಾಗದಗಳನ್ನು ಬರೆಯುವೆನೆಂದು ಮಾತು ಕೊಡದಿರಲಿ. ಮಿತ್ರನ ದುಃಖದ ಕಥೆಯನ್ನು ಊರಿಗೆ ಒಯ್ದು ಹರಡದಿರಲಿ. ಓಡುವವರ ವೃತ್ತದಲ್ಲಿ ತಾನು ಬಿಟ್ಟ ಸ್ಥಳದಲ್ಲಿ ನಿಲ್ಲುವವನೊಬ್ಬನನ್ನು ಹುಡುಕಿಟ್ಟು ಹೋಗಲಿ.

ಲಾಸ್ ಏಂಜಲಸ್ ಪಟ್ಟಣದ ಸ್ಕಿಡ್ ರೋ ಎಂಬ ಭಾಗದಲ್ಲಿ ಸಾವಿರಾರು ಮಂದಿ ಬೀದಿಯಲ್ಲಿಯೂ ಆಶ್ರಯಶಾಲೆಗಳಲ್ಲಿಯೂ ರಾತ್ರಿ ಕಳೆಯುತ್ತಾರೆ. ಅಲ್ಲಿ ನ್ಯಾಯಾಧೀಶರಾಗಿದ್ದ ಕ್ರೇಗ್ ಮಿಚೆಲ್ ಎಂಬವರನ್ನು, ಅವರಿಂದಲೇ ಶಿಕ್ಷೆ ಹೊಂದಿ ಬಿಡುಗಡೆಯಾದ ಒಬ್ಬನು ತಾನು ತಂಗಿದ್ದ ಮಿಡ್‌ನೈಟ್ ಮಿಶನ್ ಎಂಬ ಶಾಲೆಗೆ ಕರೆದನು. ನ್ಯಾಯಾಧೀಶರು ಹೋದರು, 2012ರಲ್ಲಿ ಅಲ್ಲಿಯವರನ್ನು ಕೂಡಿಸಿಕೊಂಡು ಓಡಲು ಆರಂಭಿಸಿದರು. ಆ ಗುಂಪಿನವರು ಆಫ್ರಿಕದ ಘಾನ ದೇಶಕ್ಕೂ ರೋಮಾಪುರಕ್ಕೂ ಹೋಗಿ ಮ್ಯಾರಥಾನ್ ಎಂಬ 42 ಕಿಲೋಮೀಟರಿಗೂ ಸ್ವಲ್ಪ ಮಿಕ್ಕಿದ ಓಟವನ್ನು ಓಡಿದರು. ನಿನ್ನೆ ಬೀದಿಯಲ್ಲಿ ಮಲಗಿದವನು ಪರದೇಶದ ಬೀದಿಯಲ್ಲಿ ಅತಿಥಿಯಾಗಿ ಓಡಿದನು. ಅವನ ಸಂಗಡ, ಆಯಾಸಪಡುತ್ತಾ, ದಂಡನೆ ವಿಧಿಸುವ ಪೀಠದಲ್ಲಿ ಕೂಡ್ರುವ ಮನುಷ್ಯನು ಓಡಿದನು.